ಐದು ಸಲ ಕಪ್ಪು ಬಂತು, ಇನ್ನು ಕೆಂಪೇ: ಈ ಲೆಕ್ಕ ಎಲ್ಲಿ ಕೆಡುತ್ತದೆ?

ದಾವಣಗೆರೆಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್, ಮಿಕ್ಸಿ, ಗ್ರೈಂಡರ್, ಏನೇ ಬರಲಿ, ಬಿಚ್ಚಿ ನೋಡಿ ದೋಷ ಹುಡುಕುವುದು ಕೆಲಸ. ಹೋದ ಬೇಸಿಗೆಯಲ್ಲಿ ನನ್ನ ಭಾಮೈದ ಬಂದು ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟ. ಒಳಗೆ ಉದ್ದಕ್ಕೂ ಎರಡೇ ಅಕ್ಷರ: ಕ, ಕೆ. ಕಪ್ಪು, ಕೆಂಪು. ಅಲ್ಲೊಂದು ಇಲ್ಲೊಂದು ಸೊನ್ನೆ.

"ಭಾವ, ಸಿಸ್ಟಮ್ ಸರಿಯಾಗೇ ಇದೆ. ಎಲ್ಲೋ ಒಂದ್ಕಡೆ ಲೀಕ್ ಆಗ್ತಿದೆ. ಸ್ವಲ್ಪ ನೋಡಿ ಹೇಳಿ."

ಅವನು ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಬಂದಿದ್ದ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಹಡಗುಗಳಲ್ಲಿ ಕ್ಯಾಸಿನೊ ಇವೆಯಲ್ಲ, ಅಲ್ಲಿ ರೂಲೆಟ್ ಆಡಿದ್ದ. ನಂಬರು ಬರೆದ ಕೆಂಪು, ಕಪ್ಪು ಗುಳಿಗಳಿರುವ ಚಕ್ರ ತಿರುಗಿಸಿ ಚೆಂಡು ಬಿಡುತ್ತಾರೆ, ಅದು ಎಲ್ಲಿ ಬೀಳುತ್ತದೆ ಅಂತ ದುಡ್ಡು ಕಟ್ಟುವ ಆಟ ಅದು. ಅವನ ಸಿಸ್ಟಮ್ ಇಷ್ಟೇ. ಸುಮ್ನೆ ನಿಂತು ನೋಡುವುದು. ಒಂದೇ ಬಣ್ಣ ಐದು ಸಲ ಸಾಲಾಗಿ ಬಂದರೆ, ಆರನೇ ಸಲ ಎದುರು ಬಣ್ಣಕ್ಕೆ ದುಡ್ಡು ಕಟ್ಟುವುದು. ಸೋತರೆ ಡಬಲ್. ಮತ್ತೆ ಸೋತರೆ ಮತ್ತೆ ಡಬಲ್. "ಒಂದಲ್ಲ ಒಂದ್ಸಲ ಬಂದೇ ಬರ್ಬೇಕಲ್ವಾ?" ಎರಡು ರಾತ್ರಿ ಲಾಭ ಬಂತು. ಮೂರನೇ ರಾತ್ರಿ, ಊಟಕ್ಕೆ ಮುಂಚೆ, ಅರ್ಧ ಗಂಟೆಯಲ್ಲಿ ಎಲ್ಲಾ ಹೋಯಿತು.

ಇದೇ ತೊಂದರೆ ಇರುವವರು ಇನ್ನೂ ಇದ್ದಾರೆ ಅಂತ ಗೊತ್ತಿರುವುದರಿಂದ, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಮೋಟಾರ್ ಬಂದಾಗ ಯಾವ ಕ್ರಮದಲ್ಲಿ ನೋಡುತ್ತೇನೋ ಅದೇ ಕ್ರಮ. ಮೊದಲು ಲಕ್ಷಣ, ಆಮೇಲೆ ಒಂದೊಂದೇ ಭಾಗ.

ಲಕ್ಷಣ ಗುರುತಿಸುವುದು

ನಿಮ್ಮ ಆಟದಲ್ಲಿ ಈ ದೋಷ ಇದೆಯೇ ಅಂತ ತಿಳಿಯಲು ಗೆದ್ದ ಸೋತ ಮೊತ್ತಗಳನ್ನು ಸಾಲಾಗಿ ಬರೆಯಿರಿ. ಚಿಕ್ಕ ಗೆಲುವುಗಳು ತುಂಬಾ, ಮಧ್ಯೆ ಎಲ್ಲೋ ಒಂದು ಭಾರೀ ಸೋಲು. ಹೀಗಿದ್ದರೆ ಅರ್ಧ ಖಾತ್ರಿ. ಆ ಭಾರೀ ಸೋಲಿನ ಬಗ್ಗೆ ಕೇಳಿದಾಗ "ಅವತ್ತು ದಿನಾನೇ ಸರಿ ಇರ್ಲಿಲ್ಲ" ಅನ್ನುವ ಉತ್ತರ ಬಂದರೆ ಪೂರ್ತಿ ಖಾತ್ರಿ.

ಇನ್ನೊಂದು ಲಕ್ಷಣ ಬಾಯಿಮಾತಿನಲ್ಲಿ ಸಿಗುತ್ತದೆ. "ಕೆಂಪು ಬಾಕಿ ಇದೆ", "ಇನ್ನು ಬರಲೇಬೇಕು", "ಎಷ್ಟು ಸಲ ಅಂತ ಕಪ್ಪೇ ಬೀಳತ್ತೆ". ಬಾಕಿ ಅನ್ನುವ ಪದ ಕಿವಿಗೆ ಬಿದ್ದ ತಕ್ಷಣ ನಾನು ಟೆಸ್ಟರ್ ತೆಗೆಯುತ್ತೇನೆ.

ಇದು ಜೂಜುಕೋರರ ರೋಗ ಮಾತ್ರ ಅಂದುಕೊಳ್ಳಬೇಡಿ. ಚೌಕಾಬಾರ ಆಡುವಾಗ ಗರ ಬೀಳದೆ ಎಂಟು ಸಲ ಕವಡೆ ಎಸೆದವರು "ಈ ಸಲ ಬಿದ್ದೇ ಬೀಳತ್ತೆ ನೋಡು" ಅನ್ನುವುದಿಲ್ಲವೇ? ಅಲ್ಲಿ ಹೋಗುವುದು ಕಾಯಿ, ಇಲ್ಲಿ ದುಡ್ಡು, ಅಷ್ಟೇ ವ್ಯತ್ಯಾಸ. ಮೂರು ಹೆಣ್ಣು ಹುಟ್ಟಿದ ಮನೆಯಲ್ಲಿ "ನಾಲ್ಕನೇದು ಗಂಡೇ" ಅಂತ ಅಜ್ಜಿಯರು ಹೇಳುವುದೂ ಇದೇ ಲೆಕ್ಕ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇನ್ನೂರು ವರ್ಷದ ಹಿಂದೆಯೇ ಇದನ್ನು ಗಮನಿಸಿದ್ದ. ಗಂಡುಮಗು ಬೇಕು ಅಂತ ಕಾಯುತ್ತಿದ್ದ ಅಪ್ಪಂದಿರು, ಆ ತಿಂಗಳು ಬೇರೆಯವರ ಮನೆಯಲ್ಲಿ ಗಂಡು ಹುಟ್ಟಿತು ಅಂದರೆ ಕಳವಳಪಡುತ್ತಿದ್ದರಂತೆ. ತಮ್ಮ ಪಾಲಿನ ಗಂಡುಗಳು ಖರ್ಚಾಗಿ ಹೋಗುತ್ತಿವೆ ಅಂತ! ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರೂ ಈ ಜಾಲಕ್ಕೆ ಬೀಳುತ್ತಾರೆ. ಭಾರತದ ಸಾಲ ಅಧಿಕಾರಿಗಳ ಮೇಲೆ ನಡೆದ ಪ್ರಯೋಗದ ಅಂಕಿಗಳನ್ನು ಇಟ್ಟುಕೊಂಡು ಅಮೆರಿಕದ ಮೂವರು ಸಂಶೋಧಕರು 2016ರಲ್ಲಿ ಇದನ್ನು ತೋರಿಸಿದರು. ಹಿಂದಿನ ಅರ್ಜಿಯನ್ನು ಒಪ್ಪಿದ್ದರೆ ಮುಂದಿನದನ್ನು ತಳ್ಳಿಹಾಕುವ ಕಡೆಗೆ ಕೈ ವಾಲುತ್ತದಂತೆ. ಆದ್ದರಿಂದ ಭಾಮೈದನನ್ನು ದಡ್ಡ ಅಂತ ನಾನು ಬಯ್ಯಲಿಲ್ಲ. ಬಯ್ಯುವ ಕೆಲಸ ಅವನ ಅಕ್ಕ ಮಾಡಿಯಾಗಿತ್ತು.

ಮೊದಲು ಯಂತ್ರವನ್ನೇ ನೋಡಿ

ಯೂರೋಪಿನ ರೂಲೆಟ್ ಚಕ್ರದಲ್ಲಿ ಚೆನ್ನೆಮಣೆಯಲ್ಲಿ ಇರುವ ಹಾಗೆ ಗುಳಿಗಳಿರುತ್ತವೆ, ಒಟ್ಟು 37. ಕೆಂಪು 18, ಕಪ್ಪು 18, ಸೊನ್ನೆಯದು ಒಂದು ಹಸಿರು ಗುಳಿ. ಅಮೆರಿಕದ ಚಕ್ರದಲ್ಲಿ ಎರಡು ಹಸಿರು, ಒಟ್ಟು 38. ಕೆಂಪಿಗೆ ನೂರು ಕಟ್ಟಿ ಗೆದ್ದರೆ ನೂರು ಸೇರಿಸಿ ಕೊಡುತ್ತಾರೆ. ಆದರೆ ಕೆಂಪು ಬರುವುದು 37ರಲ್ಲಿ 18 ಸಲ, ಬಾರದಿರುವುದು 19 ಸಲ. ಕಪ್ಪಿಗೆ ಕಟ್ಟಿದರೂ ಅಷ್ಟೇ. ಆ ಒಂದು ಗುಳಿಯ ವ್ಯತ್ಯಾಸವೇ ಕ್ಯಾಸಿನೊದವರ ಪಾಲು: ಕಟ್ಟಿದ ದುಡ್ಡಿನಲ್ಲಿ ಸರಾಸರಿ 2.70 ಶೇಕಡಾ. ಎರಡು ಹಸಿರು ಇದ್ದರೆ 5.26. ಫ್ರೆಂಚ್ ಕ್ರಮದ ಕೆಲವು ಟೇಬಲ್‌ಗಳಲ್ಲಿ ಸೊನ್ನೆ ಬಿದ್ದಾಗ ಬಣ್ಣಕ್ಕೆ ಕಟ್ಟಿದ ಅರ್ಧ ದುಡ್ಡು ವಾಪಸ್ ಕೊಡುತ್ತಾರೆ. ಅಲ್ಲಿ ಮಾತ್ರ 1.35.

ಈ ಅಂಕಿಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.

ನೆನಪು ಎಲ್ಲಿದೆ?

ಇದೇ ಮುಖ್ಯ ಪರೀಕ್ಷೆ, ಇಲ್ಲಿ ಸ್ವಲ್ಪ ನಿಧಾನಿಸೋಣ.

ನನ್ನ ಅಂಗಡಿಗೆ ಬರುವ ಪ್ರತಿ ಮೋಟಾರಿಗೂ ನೆನಪು ಇರುತ್ತದೆ. ಬೇರಿಂಗ್ ಸವೆದಿರುತ್ತದೆ. ವೈಂಡಿಂಗ್‌ನ ವಾರ್ನಿಷ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೆಪಾಸಿಟರ್ ಉಬ್ಬಿರುತ್ತದೆ. ನೀರಿಲ್ಲದೆ ಪಂಪು ಓಡಿದ್ದು, ವೋಲ್ಟೇಜ್ ಕಮ್ಮಿ ಇದ್ದಾಗಲೂ ಬಿಡದೆ ಓಡಿಸಿದ್ದು, ಎಲ್ಲವೂ ಯಾವುದೋ ಒಂದು ಭಾಗದಲ್ಲಿ ಗುರುತಾಗಿ ಉಳಿದಿರುತ್ತದೆ. ಅದಕ್ಕೇ ನಿನ್ನೆ ಏನಾಯ್ತು ಅಂತ ಗಿರಾಕಿಯನ್ನು ಕೇಳುತ್ತೇವೆ. ನಿನ್ನೆಯದು ನಾಳೆಗೆ ಮುಟ್ಟುವ ದಾರಿ ಒಂದು ಇದ್ದೇ ಇದೆ.

ಇಸ್ಪೀಟಿನ ಕಟ್ಟಿಗೂ ನೆನಪು ಇದೆ. ನಾಲ್ಕು ರಾಜ ಆಗಲೇ ಬಿದ್ದಿದ್ದರೆ, ಉಳಿದ ಎಲೆಗಳಲ್ಲಿ ರಾಜ ಇಲ್ಲ. ಎಲೆ ಎಣಿಸಿ ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟಾಟ ಗೆಲ್ಲಬಹುದು ಅಂತ ಎಡ್ವರ್ಡ್ ಥಾರ್ಪ್ ಅನ್ನುವ ಗಣಿತದ ಮೇಷ್ಟ್ರು 1960ರ ದಶಕದಲ್ಲಿ ತೋರಿಸಿದ್ದು ಈ ನೆನಪಿನ ಆಧಾರದ ಮೇಲೆಯೇ.

ಈಗ ರೂಲೆಟ್‌ಗೆ ಬನ್ನಿ. ಚೆಂಡು ಕಪ್ಪು ಗುಳಿಗೆ ಬಿತ್ತು. ಟೇಬಲ್ ನಡೆಸುವವನು ಅದನ್ನು ಎತ್ತಿಕೊಂಡ. ಚಕ್ರವನ್ನು ಒಂದು ಕಡೆಗೆ ತಿರುಗಿಸಿ, ಚೆಂಡನ್ನು ಅದರ ಎದುರು ದಿಕ್ಕಿಗೆ ಬಿಟ್ಟ. ಕಪ್ಪು ಗುಳಿಗಳಲ್ಲಿ ಒಂದು ಕಮ್ಮಿಯಾಯಿತೇ? ಇಲ್ಲ, ಹದಿನೆಂಟೂ ಹಾಗೇ ಇವೆ. ಚೆಂಡಿಗೆ ಬಣ್ಣ ಹತ್ತಿತೇ? ಇಲ್ಲ. ಹಾಗಾದರೆ ಐದು ಸಲ ಕಪ್ಪು ಬಂದದ್ದು ಯಾವ ಭಾಗದಲ್ಲಿ ಬರೆದಿದೆ?

ಭಾಮೈದನಿಗೆ ಇದನ್ನೇ ಕೇಳಿದೆ. "ಬೋರ್ಡಿನ ಮೇಲೆ ಬರ್ತಾ ಇರತ್ತಲ್ಲ ಭಾವ" ಅಂದ. ಟೇಬಲ್ ಪಕ್ಕದಲ್ಲಿ ಹಿಂದಿನ ನಂಬರುಗಳನ್ನು ತೋರಿಸುವ ದೀಪದ ಬೋರ್ಡು ಇರುತ್ತದೆ. ನಿಜ, ಬರೆದಿರುವುದು ಅಲ್ಲೇ. ಅದು ಬಿಟ್ಟರೆ ಅವನ ನೋಟ್‌ಬುಕ್ಕಿನಲ್ಲಿ, ಅವನ ತಲೆಯಲ್ಲಿ. ಆ ಬೋರ್ಡಿನಿಂದ ಚೆಂಡಿಗೆ ಯಾವ ವೈರೂ ಹೋಗಿಲ್ಲ. ಇನ್ನೊಂದು ಪ್ರಶ್ನೆ ಕೇಳಿದೆ: ಆ ಬೋರ್ಡನ್ನು ದುಡ್ಡು ಕೊಟ್ಟು ಹಾಕಿಸಿದವರು ಯಾರು? ಅದರಿಂದ ಗಿರಾಕಿ ಗೆಲ್ಲುವ ಹಾಗಿದ್ದರೆ ಹಾಕಿಸುತ್ತಿದ್ದರೇ? ಇದಕ್ಕೆ ಅವನು ಉತ್ತರ ಕೊಡಲಿಲ್ಲ, ಟೀ ಹೇಳಿದ.

ಇಲ್ಲಿ ಒಂದು ಅನುಮಾನ ಬರಬಹುದು. ಚಕ್ರವೇ ಕೆಟ್ಟಿದ್ದರೆ? ಶಕುನಿಯ ದಾಳದಂತೆ ಒಂದು ಕಡೆಗೇ ಬೀಳುವುದಾದರೆ? ಒಳ್ಳೆಯ ಅನುಮಾನ. ನಿಜವಾಗಿ ಅಂಥ ಚಕ್ರಗಳು ಇದ್ದವು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಜೋಸೆಫ್ ಜ್ಯಾಗರ್ ಅನ್ನುವವನು ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಚಕ್ರಗಳ ನಂಬರುಗಳನ್ನು ಬರೆಸಿಕೊಂಡು, ಒಂದು ಚಕ್ರದಲ್ಲಿ ಕೆಲವು ನಂಬರು ಜಾಸ್ತಿ ಬೀಳುವುದನ್ನು ಪತ್ತೆ ಮಾಡಿ ದೊಡ್ಡ ದುಡ್ಡು ಗೆದ್ದ. ಬಟ್ಟೆ ಗಿರಣಿಗಳ ಊರಿನವನು, ತಿರುಗುವ ಯಂತ್ರ ಹೇಗೆ ಸವೆಯುತ್ತದೆ ಅಂತ ಗೊತ್ತಿತ್ತು. ನನಗೆ ಈ ಮನುಷ್ಯನ ಮೇಲೆ ಸ್ವಲ್ಪ ಅಭಿಮಾನ ಇದೆ, ನಮ್ಮ ಕಸುಬಿನವನಂತೆ ಯೋಚಿಸಿದ. ಆದರೆ ಅವನು ಕಟ್ಟಿದ್ದು ಯಾವುದಕ್ಕೆ? ಜಾಸ್ತಿ ಬಂದ ನಂಬರುಗಳಿಗೇ. ಬಾರದವುಗಳಿಗಲ್ಲ.

ಇದನ್ನು ಎರಡು ಸಲ ಓದಿ. ಚಕ್ರ ಸರಿ ಇದ್ದರೆ ಹಿಂದಿನ ಸಾಲಿಗೆ ಅರ್ಥವಿಲ್ಲ. ಚಕ್ರ ಸವೆದಿದ್ದರೆ, ಬಂದದ್ದೇ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಸಾಲಿನ ಎದುರು ಕಟ್ಟುವುದು ಎರಡು ಕಡೆಯೂ ನಿಲ್ಲುವುದಿಲ್ಲ. ಇನ್ನೂ ಒಂದು ಸಣ್ಣ ವಿಷಯ: ಚಕ್ರದಲ್ಲಿ ಕೆಂಪು ಕಪ್ಪು ಒಂದಾದ ಮೇಲೊಂದು ಬರುತ್ತವೆ. ಸೊನ್ನೆಯ ಒಂದು ಬದಿಗೆ 32, ಕೆಂಪು. ಇನ್ನೊಂದು ಬದಿಗೆ 26, ಕಪ್ಪು. ಚಕ್ರ ಒಂದು ಬದಿಗೆ ವಾಲಿದರೂ ಆ ಬದಿಯಲ್ಲಿ ಎರಡೂ ಬಣ್ಣ ಇರುತ್ತವೆ. ಅಂದರೆ ಬಣ್ಣ ನೋಡಿ ಚಕ್ರದ ದೋಷ ಹಿಡಿಯಲು ಹೊರಡುವುದೇ ತಪ್ಪು ಟೆಸ್ಟರ್ ಹಿಡಿದ ಹಾಗೆ.

ಪ್ರಶ್ನೆಯೇ ತಪ್ಪಾಗಿದೆಯಾ ನೋಡಿ

ಭಾಮೈದನ ಗಟ್ಟಿ ವಾದ ಇದು. "ಐದು ಕಪ್ಪು ಆದ್ಮೇಲೆ ನಾನು ಏಳು ಸಲ ಡಬಲ್ ಮಾಡ್ತೀನಿ. ನಾನು ಮುಳುಗ್ಬೇಕು ಅಂದ್ರೆ ಒಟ್ಟು ಹನ್ನೆರಡು ಸಲ ಕಪ್ಪೇ ಬರ್ಬೇಕು. ಅದು ಸಾವಿರಾರಕ್ಕೆ ಒಂದ್ಸಲ."

ಲೆಕ್ಕ ಹಾಕಿದೆ. ಈಗಿಂದ ಶುರು ಮಾಡಿ ಹನ್ನೆರಡು ಸಲವೂ ಕಪ್ಪೇ ಬರುವ ಸಾಧ್ಯತೆ ಸುಮಾರು 5,700ಕ್ಕೆ ಒಂದು. ಅವನು ಹೇಳಿದ್ದು ಸರಿ. ಆದರೆ ಅದು ಅವನ ಪ್ರಶ್ನೆ ಅಲ್ಲ. ಅವನು ದುಡ್ಡು ಕಟ್ಟಲು ಶುರು ಮಾಡುವ ಹೊತ್ತಿಗೆ ಐದು ಕಪ್ಪು ಬಂದಾಗಿದೆ. ಬಂದಾಗಿದ್ದರ ಸಾಧ್ಯತೆ ಎಷ್ಟು? ನೂರಕ್ಕೆ ನೂರು. ಉಳಿದದ್ದು ಏಳು. ಏಳು ಸಲವೂ ಕೆಂಪು ತಪ್ಪುವ ಸಾಧ್ಯತೆ ಸುಮಾರು 106ಕ್ಕೆ ಒಂದು. ಸಾವಿರಾರು ಅಂತ ಧೈರ್ಯದಿಂದ ಕೂತವನ ಕಾಲ ಕೆಳಗೆ ನಿಜವಾಗಿ ಇದ್ದದ್ದು ನೂರಾ ಆರು.

ಬೆಂಗಳೂರಿಗೆ ಹೊರಟು ಸಿರಾ ದಾಟಿದವನು ಇನ್ನೂ 260 ಕಿಲೋಮೀಟರ್ ಇದೆ ಅಂತ ಲೆಕ್ಕ ಹಾಕುವುದಿಲ್ಲ. ಹೋಗಿಯಾಗಿರುವ ದಾರಿಯನ್ನು ಕಳೆಯುತ್ತಾನೆ. ರೂಲೆಟ್ ಮುಂದೆ ಮಾತ್ರ ಜನ ಕಳೆಯುವುದನ್ನು ಮರೆಯುತ್ತಾರೆ.

ಇದರ ಅತಿ ದೊಡ್ಡ ಉದಾಹರಣೆ ಮೊನಾಕೊದಲ್ಲಿ ಆಯಿತು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ಒಂದು ಟೇಬಲ್‌ನಲ್ಲಿ ಕಪ್ಪು ಸಾಲಾಗಿ 26 ಸಲ ಬಂತು. ಹದಿನೈದು ದಾಟುವ ಹೊತ್ತಿಗೆ ಜನ ಮುಗಿಬಿದ್ದು ಕೆಂಪಿಗೆ ಕಟ್ಟತೊಡಗಿದರು, ಡಬಲ್ ಮಾಡುತ್ತಾ ಹೋದರು. ಕಪ್ಪು ಬಂದಷ್ಟೂ ಕೆಂಪಿನ ಮೇಲಿನ ನಂಬಿಕೆ ಗಟ್ಟಿಯಾಯಿತು. ಕ್ಯಾಸಿನೊಗೆ ಲಕ್ಷಗಟ್ಟಲೆ ಫ್ರಾಂಕ್ ಬಂತು. ಮುಂಚೆಯೇ ಹೇಳಿ 26 ಕಪ್ಪು ತರಿಸುವ ಸಾಧ್ಯತೆ ಸುಮಾರು 13.7 ಕೋಟಿಗೆ ಒಂದು. ಆದರೆ 25 ಕಪ್ಪು ಬಂದ ಮೇಲೆ 26ನೆಯದೂ ಕಪ್ಪಾಗುವ ಸಾಧ್ಯತೆ? 37ರಲ್ಲಿ 18. ಅವತ್ತು ಮೊದಲನೇ ಸುತ್ತಿಗೆ ಎಷ್ಟಿತ್ತೋ ಅಷ್ಟೇ. ಆ ಟೇಬಲ್ ಸುತ್ತ ನಿಂತವರು ಕೋಟಿಯ ಲೆಕ್ಕ ನೋಡುತ್ತಿದ್ದರು, ಚೆಂಡು ಮೂವತ್ತೇಳರ ಲೆಕ್ಕದಲ್ಲಿ ಓಡುತ್ತಿತ್ತು.

ಇದೆಲ್ಲ ಹಳೇ ಕಾಲದ್ದು ಅನ್ನುವವರಿಗೆ ಇಟಲಿ ಇದೆ. ಅಲ್ಲಿಯ ಸರ್ಕಾರಿ ಲಾಟರಿಯ ವೆನಿಸ್ ವಿಭಾಗದಲ್ಲಿ 53 ಅನ್ನುವ ನಂಬರು 2003ರ ಮೇ ತಿಂಗಳಿಂದ ಬರಲೇ ಇಲ್ಲ. ಬಾರದಷ್ಟೂ ಜನ ಅದಕ್ಕೇ ಕಟ್ಟಿದರು. ಮನೆಗೆ ಇಟ್ಟ ದುಡ್ಡು, ಸಾಲದ ದುಡ್ಡು, ಎಲ್ಲಾ ಹೋಯಿತು, ಕೆಲವರ ಜೀವವೂ ಹೋಯಿತು. ಕೊನೆಗೆ ಅದು ಬಂದದ್ದು 2005ರ ಫೆಬ್ರವರಿ 9ರಂದು.

"ಸರಾಸರಿ ಸರಿಹೋಗಲೇಬೇಕಲ್ವಾ?"

ಓದಿದವರು ಸಿಕ್ಕಿಕೊಳ್ಳುವುದು ಇಲ್ಲಿ. ಲಕ್ಷ ಸಲ ಆಡಿದರೆ ಕೆಂಪು ಕಪ್ಪು ಹೆಚ್ಚುಕಮ್ಮಿ ಸಮ ಆಗುತ್ತವೆ ಅಂತ ಗಣಿತವೇ ಹೇಳುತ್ತದೆ. ಹಾಗಾದರೆ ಈಗ ಕಪ್ಪು ಮುಂದೆ ಹೋಗಿದ್ದರೆ, ಸಮ ಮಾಡಲು ಕೆಂಪು ಜಾಸ್ತಿ ಬರಬೇಕಲ್ಲ?

ಬೇಕಿಲ್ಲ. ಲೆಕ್ಕ ಸುಲಭ ಆಗಲಿ ಅಂತ ಸೊನ್ನೆ ಬಿಟ್ಟು ನಾಣ್ಯ ತೆಗೆದುಕೊಳ್ಳಿ. ಮೊದಲ ಹತ್ತೂ ಸಲ ತಲೆಯೇ ಬಿತ್ತು. ಮುಂದಿನ ಸಾವಿರ ಸಲ ತಲೆ 500, ಹೂ 500 ಅಂತ ಇಟ್ಟುಕೊಳ್ಳಿ, ಏನೂ ವಿಶೇಷವಿಲ್ಲ. ಒಟ್ಟು 1,010ರಲ್ಲಿ ತಲೆ 510. ಅಂದರೆ ಶೇಕಡಾ 50.5. ಇನ್ನೂ ಮುಂದೆ ಹೋಗಿ ಹತ್ತು ಸಾವಿರ ಸಲ ಸಮಸಮ ಬಿದ್ದರೆ ಶೇಕಡಾ 50.05. ಸರಾಸರಿ ಸರಿಹೋಯಿತು. ಆದರೆ ಆ ಹತ್ತು ತಲೆಯನ್ನು ಯಾರೂ ತೀರಿಸಲಿಲ್ಲ, ಹಾಗೇ ಉಳಿದಿವೆ.

ಒಂದು ಚಮಚ ಉಪ್ಪನ್ನು ಲೋಟದ ನೀರಿಗೆ ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಅದೇ ಲೋಟವನ್ನು ಸಂಪಿನೊಳಗೆ ಸುರಿದರೆ ಉಪ್ಪು ಗೊತ್ತೇ ಆಗುವುದಿಲ್ಲ. ಉಪ್ಪನ್ನು ಯಾರೂ ತೆಗೆದಿಲ್ಲ, ನೀರು ಜಾಸ್ತಿಯಾಯಿತು ಅಷ್ಟೇ. ಐದು ಕಪ್ಪಿನ ಕತೆಯೂ ಇದೇ. ಚಕ್ರ ಸಾಲ ತೀರಿಸುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಎಂಟನೇ ಕ್ಲಾಸಿನ ಮಗಳಿಗೆ ಹೇಳಿದೆ: ನಾಣ್ಯ ಹಾರಿಸದೆ, ಹಾರಿಸಿದ ಹಾಗೆ ಮನಸ್ಸಿಗೆ ಬಂದಂತೆ ನೂರು ತಲೆ-ಹೂ ಬರೆ. ಬರೆದಳು. ಅದರಲ್ಲಿ ಅತಿ ಉದ್ದದ ಸಾಲು ನಾಲ್ಕು. "ಐದು ಬರೆದ್ರೆ ಸುಳ್ಳು ಅನ್ಸತ್ತೆ ಅಪ್ಪಾ" ಅಂದಳು. ಆಮೇಲೆ ಐದು ರೂಪಾಯಿ ನಾಣ್ಯ ತೆಗೆದುಕೊಂಡು ನಿಜವಾಗಿ ನೂರು ಸಲ ಹಾರಿಸಿದಳು. ಎರಡು ಸಲ ಗ್ರೀಸ್ ಡಬ್ಬಿಯೊಳಗೆ ಬಿತ್ತು. ಸಾಲಾಗಿ ಏಳು ಹೂ ಬಂದದ್ದು ನೋಡಿ ಅವಳೇ ನಾಣ್ಯವನ್ನು ತಿರುಗಿಸಿ ನೋಡಿದಳು.

ನಾಣ್ಯ ಸರಿ ಇತ್ತು. ನೂರು ಸಲ ಹಾರಿಸಿದರೆ ಆರು ಅಥವಾ ಹೆಚ್ಚಿನ ಒಂದು ಸಾಲಾದರೂ ಬರುವ ಸಾಧ್ಯತೆ ಶೇಕಡಾ 80. ಐದರ ಸಾಲು ಬಾರದೇ ಇದ್ದರೆ ಆಶ್ಚರ್ಯಪಡಬೇಕು. ನಮ್ಮ ತಲೆಯಲ್ಲಿರುವ ಚಕ್ರ ನಿಜವಾದ ಚಕ್ರಕ್ಕಿಂತ ಬೇಗ ಬೇಗ ಬಣ್ಣ ಬದಲಿಸುತ್ತದೆ. ಅದಕ್ಕೇ ಐದು ಕಪ್ಪು ನೋಡಿದಾಗ ಏನೋ ನಡೆಯುತ್ತಿದೆ ಅನ್ನಿಸುವುದು. ಏನೂ ನಡೆಯುತ್ತಿಲ್ಲ.

ಭಾಮೈದನಿಗೂ ಒಂದು ಕೆಲಸ ಕೊಟ್ಟೆ. ಅವನದೇ ನೋಟ್‌ಬುಕ್, ಅವನದೇ ಕೈಬರಹ. ಐದರ ಸಾಲು ಎಲ್ಲೆಲ್ಲಿ ಬಂದಿದೆಯೋ ಅಲ್ಲಿ ಗೆರೆ ಎಳೆದು, ಅದರ ಮುಂದಿನ ಅಕ್ಷರ ಏನು ಅಂತ ಎಣಿಸು ಅಂದೆ. ಅದರ ಫಲಿತಾಂಶಕ್ಕೆ ಕೊನೆಗೆ ಬರುತ್ತೇನೆ, ಎಣಿಸಲು ಅವನು ಎರಡು ದಿನ ತೆಗೆದುಕೊಂಡ.

ಲೀಕ್ ಸಿಕ್ಕಿತು

ಈಗ ದುಡ್ಡು ಎಲ್ಲಿ ಹೋಯಿತು ನೋಡೋಣ. ಟೇಬಲ್‌ನಲ್ಲಿ ಕಮ್ಮಿ ಅಂದರೆ 100, ಜಾಸ್ತಿ ಅಂದರೆ 10,000 ಕಟ್ಟಬಹುದು ಅಂತ ಇಟ್ಟುಕೊಳ್ಳಿ. ಡಬಲ್ ಮಾಡುತ್ತಾ ಹೋದರೆ:

100, 200, 400, 800, 1,600, 3,200, 6,400.

ಏಳು ಸೋಲಿಗೆ ಒಟ್ಟು 12,700 ಹೋಯಿತು. ಎಂಟನೆಯದು 12,800 ಕಟ್ಟಬೇಕು, ಟೇಬಲ್ ಬಿಡುವುದಿಲ್ಲ. ಅಲ್ಲಿಗೆ ಕತೆ ಮುಗಿಯಿತು. ನಡುವೆ ಎಲ್ಲಿ ಗೆದ್ದರೂ ಕೈಗೆ ಬರುವ ಲಾಭ ಮಾತ್ರ 100. ಏಳನೇ ಸಲ 6,400 ಇಟ್ಟು ಎದೆ ಹೊಡೆದುಕೊಂಡು ಗೆದ್ದವನಿಗೂ ಸಿಗುವುದು ಆ ಮೊದಲಿನ ನೂರೇ.

106 ಸಲ ಹೀಗೆ ಆಡಿದರೆ ಸರಾಸರಿ 105 ಸಲ ನೂರು ನೂರು ಬರುತ್ತದೆ: 10,500. ಒಂದು ಸಲ 12,700 ಹೋಗುತ್ತದೆ. 2,200 ಖೋತಾ. ಒಂದು ಸಲಕ್ಕೆ ಸುಮಾರು 20 ರೂಪಾಯಿ. ಇನ್ನೊಂದು ಕಡೆಯಿಂದ ತಾಳೆ ನೋಡಿ: ಒಂದು ಸಲದ ಆಟದಲ್ಲಿ ಸರಾಸರಿ ಕಟ್ಟುವ ಒಟ್ಟು ದುಡ್ಡು ಸುಮಾರು 760. ಅದನ್ನು 37ರಿಂದ ಭಾಗಿಸಿ. ಸುಮಾರು ಇಪ್ಪತ್ತೇ ಬರುತ್ತದೆ. ಲೀಕ್ ಎಂದರೆ ಆ ಹಸಿರು ಗುಳಿ. ಡಬಲ್ ಮಾಡುವುದರಿಂದ ಅದು ಮುಚ್ಚುವುದಿಲ್ಲ. ಪ್ರತಿದಿನ ಹನಿಹನಿಯಾಗಿ ಸೋರುವ ಬದಲು ಟ್ಯಾಂಕ್ ಒಂದೇ ಸಲ ಒಡೆಯುವ ಹಾಗೆ ಆಗುತ್ತದೆ, ಅಷ್ಟೇ.

ಐದು ಕಪ್ಪಿಗೆ ಕಾಯುವ ಭಾಗ? ಅದು ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ? ಫ್ಯಾನಿಗೆ ಡೈರೆಕ್ಟ್ ಕನೆಕ್ಷನ್ ಕೊಟ್ಟು, ಗೋಡೆಯ ಮೇಲೆ ಸುಮ್ನೆ ಒಂದು ರೆಗ್ಯುಲೇಟರ್ ಕೂರಿಸಿದ ಹಾಗೆ. ಭಾಮೈದ ಎರಡು ರಾತ್ರಿ ಆ ರೆಗ್ಯುಲೇಟರ್ ತಿರುಗಿಸಿ ಗಾಳಿ ಬಂತು ಅಂದುಕೊಂಡ.

ಜನ ಹೇಳುವ ಬೇರೆ ರಿಪೇರಿಗಳು

ಐದರ ಬದಲು ಹತ್ತರ ಸಾಲಿಗೆ ಕಾಯುವುದು. ಹಿಂದಿನ ಹತ್ತೂ ಒಂದೇ ಬಣ್ಣ ಆಗಿರುವ ಸನ್ನಿವೇಶ ಸುಮಾರು 670 ಸುತ್ತಿಗೆ ಒಮ್ಮೆ. ಗಂಟೆಗೆ ನಲವತ್ತು ಸುತ್ತು ಅಂದರೂ ಹದಿನಾರು ಹದಿನೇಳು ಗಂಟೆ ನಿಲ್ಲಬೇಕು. ನಿಂತ ಮೇಲೆ ಸಿಗುವುದು ಅದೇ 37ರಲ್ಲಿ 18. ನಿಜ ಹೇಳಬೇಕೆಂದರೆ ಕಾಯುವುದರಿಂದ ಒಂದು ಲಾಭ ಇದೆ. ಕಾಯುವಷ್ಟು ಹೊತ್ತು ನೀವು ದುಡ್ಡು ಕಟ್ಟುವುದಿಲ್ಲ. ಈ ಲೆಕ್ಕದಲ್ಲಿ ಊಟಕ್ಕೆ ಹೋದವನೂ ಒಳ್ಳೆಯ ಆಟಗಾರನೇ.

ಸಾಲಿನ ಎದುರು ಬೇಡ, ಸಾಲಿನ ಜೊತೆಗೇ ಕಟ್ಟುವುದು. ಅದೇ ಸಾಧ್ಯತೆ, ಅದೇ ಲೀಕ್. ಟೇಬಲ್ ಬದಲಿಸುವುದು, ಡೀಲರ್ ಬದಲಾದಾಗ ಶುರು ಮಾಡುವುದು, ಇವುಗಳ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ಫೋನಿನಲ್ಲಿ ಆಡುವುದು. ಅಲ್ಲಿ ಬಿಚ್ಚಿ ನೋಡಲು ಚಕ್ರವೇ ಇರುವುದಿಲ್ಲ. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಆದ್ದರಿಂದ ಇಂಥ ಆಪ್ ತೋರಿಸಿ ಸಿಸ್ಟಮ್ ಕಲಿಸುತ್ತೇನೆ ಅನ್ನುವವನಿಗೆ ಬಾಗಿಲಿನಲ್ಲೇ ನಮಸ್ಕಾರ ಹೇಳಿ.

ಹಾಗಾದರೆ ರೂಲೆಟ್‌ನ ಮುಂದಿನ ಫಲಿತಾಂಶ ಊಹಿಸಿದವರು ಯಾರೂ ಇಲ್ಲವೇ? ಇದ್ದಾರೆ. ಎಲೆ ಎಣಿಸಿದ ಅದೇ ಥಾರ್ಪ್, ಕ್ಲಾಡ್ ಶಾನನ್ ಅನ್ನುವ ಮಹಾ ಬುದ್ಧಿವಂತನ ಜೊತೆ ಸೇರಿ 1961ರಲ್ಲಿ ಮೈಮೇಲೆ ಧರಿಸುವ ಪುಟ್ಟ ಕಂಪ್ಯೂಟರ್ ಮಾಡಿ ಲಾಸ್ ವೇಗಾಸ್‌ಗೆ ಒಯ್ದಿದ್ದ. ಚೆಂಡು ಮತ್ತು ಚಕ್ರದ ವೇಗವನ್ನು ಕಾಲ್ಬೆರಳಿನ ಸ್ವಿಚ್ ಒತ್ತಿ ಅಳೆದು, ಚೆಂಡು ಯಾವ ಭಾಗದಲ್ಲಿ ಬೀಳಬಹುದು ಅಂತ ಲೆಕ್ಕ ಹಾಕುತ್ತಿದ್ದರು. ಕಿವಿಗೆ ಹೋಗುವ ವೈರು ತುಂಡಾಗಿ ತುಂಡಾಗಿ ಗೋಳಾಗಿತ್ತಂತೆ. ವೈರಿಂಗ್ ಕಷ್ಟ ನನಗೆ ಗೊತ್ತು! ಅಂಥ ಸಾಧನಗಳನ್ನು ನೆವಾಡಾ ರಾಜ್ಯ 1985ರಲ್ಲಿ ಕಾನೂನಿನಿಂದ ನಿಲ್ಲಿಸಿತು. ಅವರಿಬ್ಬರೂ ನೋಡಿದ್ದು ಆಗ ಓಡುತ್ತಿರುವ ಚೆಂಡನ್ನು. ಹಿಂದಿನ ಐದು ಬಣ್ಣ ಅವರಿಗೆ ಬೇಕಾಗಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಆಗದ ಕೆಲಸ

ಇಷ್ಟೆಲ್ಲ ಲೆಕ್ಕ ಅರ್ಥವಾದ ಮೇಲೂ, ಹೋದ ದುಡ್ಡನ್ನು ವಾಪಸ್ ತರಬೇಕು ಅಂತ ಕೈ ತುರಿಸುತ್ತಿದ್ದರೆ, ಮನೆಯಲ್ಲಿ ಸುಳ್ಳು ಹೇಳಿ ಸಾಲ ಮಾಡುತ್ತಿದ್ದರೆ, ಅದು ಲೆಕ್ಕದ ದೋಷ ಅಲ್ಲ. ನಾನು ಸುಟ್ಟ ಸ್ಟೇಟರ್ ಕಟ್ಟಬಲ್ಲೆ, ಇದನ್ನಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಭಾಮೈದನಿಗೆ ಆ ನಂಬರನ್ನು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಟ್ಟೆ. "ಅಷ್ಟೆಲ್ಲ ಆಗಿಲ್ಲ ಭಾವ" ಅಂದ. ಇರಲಿ ಅಂದೆ.

ನೋಟ್‌ಬುಕ್ಕಿನ ಎಣಿಕೆ

ಸುಮಾರು ನಾನೂರು ಸುತ್ತು ಬರೆದಿದ್ದ. ಅಷ್ಟು ಸುತ್ತಿನಲ್ಲಿ "ಹಿಂದಿನ ಐದೂ ಒಂದೇ ಬಣ್ಣ" ಅನ್ನುವ ಸನ್ನಿವೇಶ ಇಪ್ಪತ್ತೆರಡು ಸಲದ ಆಸುಪಾಸು ಬರಬೇಕು. ಅವನಿಗೆ ಸಿಕ್ಕಿದ್ದು 23. ಮುಂದಿನ ಸುತ್ತಿನಲ್ಲಿ ಸಾಲು ಮುರಿದು ಎದುರು ಬಣ್ಣ ಬಂದದ್ದು 10 ಸಲ. ಅದೇ ಬಣ್ಣ ಮುಂದುವರಿದದ್ದು 12. ಸೊನ್ನೆ ಒಂದು.

"ನಂಗೆ ಮುರಿದದ್ದೇ ಜಾಸ್ತಿ ನೆನಪಿತ್ತು" ಅಂದ.

ಎರಡು ಸಲ ಎಣಿಸಿದ. ಎರಡನೇ ಸಲವೂ ಅಷ್ಟೇ ಬಂತು. ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು, ನಾನು ಇಟ್ಟುಕೊಂಡೆ. ಈಗ ಅದರಲ್ಲಿ ಯಾವ ಮೋಟಾರಿಗೆ ಎಷ್ಟು ಸುತ್ತು ತಂತಿ ಅಂತ ಬರೆಯುತ್ತಿದ್ದೇನೆ.